ಹಿಂಬರಹ ಕೊಡಿ, ಹೋಗ್ತೀವಿ

ತಾಲ್ಲೂಕು ಕಚೇರಿಯ ಆವರಣಕ್ಕೆ ಬೆಳಗಾಗುವುದು ಕಚೇರಿಗಿಂತ ಒಂದು ಗಂಟೆ ಮೊದಲು. ಬೇವಿನ ಮರದ ಬುಡದಲ್ಲಿ ಅರ್ಜಿ ಬರೆಯುವವರು ಮಡಚುವ ಮೇಜು ಬಿಡಿಸಿ, ಬಿಳಿ ಹಾಳೆಗಳು ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟಿರುತ್ತಾರೆ. ಜೆರಾಕ್ಸ್ ಅಂಗಡಿಯ ಷಟರ್ ಅರ್ಧ ಎದ್ದಿರುತ್ತದೆ. ಮೊದಲ ಬಸ್ಸಿಗೆ ಬಂದವರು ಮೆಟ್ಟಿಲ ಮೇಲೆ ಕೂತು, ಕಟ್ಟಿಕೊಂಡು ಬಂದ ಬುತ್ತಿಯನ್ನು ಈಗಲೇ ಬಿಚ್ಚಬೇಕೋ ಮಧ್ಯಾಹ್ನಕ್ಕೆ ಉಳಿಸಬೇಕೋ ಎಂದು ಲೆಕ್ಕ ಹಾಕುತ್ತಿರುತ್ತಾರೆ. ಅವರಲ್ಲೊಬ್ಬಳು ವಿಧವಾ ವೇತನಕ್ಕೆ ಅರ್ಜಿ ಹಿಡಿದು ಬಂದ ಐವತ್ತರ ಆಸುಪಾಸಿನ ಹೆಂಗಸು ಎಂದಿಟ್ಟುಕೊಳ್ಳಿ. ರಾಜ್ಯದ ಯಾವ ತಾಲ್ಲೂಕಿಗೆ ಹೋದರೂ ಸಿಗುವವಳಾದ್ದರಿಂದ ಆಕೆಗೆ ಹೆಸರು ಬೇಡ. ಕಿಟಕಿಯ ಒಳಗಿನಿಂದ ಬರುವ ಮಾತೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. "ಸಾಹೇಬ್ರು ಮೀಟಿಂಗಿಗೆ ಹೋಗವ್ರೆ. ನಾಳೆ ಬಾರಮ್ಮ."

ನಾಳೆ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಇರುವುದರಿಂದ ಚಾರ್ಜಿನ ಚಿಂತೆಯೊಂದು ತಪ್ಪಿದೆ, ಅಷ್ಟೆ. ಮೂರನೆಯ ಸಲ ಬರುವಾಗ ಆಕೆಯ ಜೊತೆ ಊರಿನ ಸ್ವಸಹಾಯ ಸಂಘದ ಹುಡುಗಿಯೊಬ್ಬಳು ಇರುತ್ತಾಳೆ. ಈ ಸಲ ಕಿಟಕಿಯಿಂದ "ನಿಮ್ದು ಆಗಲ್ಲಮ್ಮ" ಎಂಬ ಉತ್ತರ ಬರುತ್ತದೆ. ಹುಡುಗಿ ಜಗಳಕ್ಕೆ ನಿಲ್ಲುವುದಿಲ್ಲ, ಗೋಗರೆಯುವುದೂ ಇಲ್ಲ. "ಆಗಲ್ಲ ಅಂತ ಹಿಂಬರಹ ಕೊಡಿ ಸಾರ್, ಹೋಗ್ತೀವಿ" ಎನ್ನುತ್ತಾಳೆ. ಒಳಗೆ ಕೀಬೋರ್ಡಿನ ಸದ್ದು ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ, "ಎಲ್ಲಿ, ಕಾಗದ ಕೊಡಿ ನೋಡಣ."

ಹಿಂಬರಹ ಎನ್ನುವುದು ಕರ್ನಾಟಕದ ಕಚೇರಿಗಳ ಹಳೆಯ ಮಾತು. ಕೊಟ್ಟ ಅರ್ಜಿಗೆ ಕಚೇರಿಯವರು ಬರೆದುಕೊಡುವ ಉತ್ತರಕ್ಕೆ ಆ ಹೆಸರು. 'ನಿಮ್ಮ ಕೋರಿಕೆಯನ್ನು ಈ ಕೆಳಕಂಡ ಕಾರಣಕ್ಕೆ ಪುರಸ್ಕರಿಸಲು ಬರುವುದಿಲ್ಲ' ಎಂಬ ಎರಡು ಸಾಲು, ದಿನಾಂಕ, ಸಹಿ, ಮೊಹರು. ಬಾಯಿಮಾತಿನಲ್ಲಿ 'ಇಲ್ಲ' ಎಂದದ್ದರ ಮೇಲೆ ಯಾರೂ ಮೇಲ್ಮನವಿ ಹಾಕಲಾರರು. ಬರಹದಲ್ಲಿ 'ಇಲ್ಲ' ಎಂದಿದ್ದರೆ ಅದನ್ನು ಹಿಡಿದು ಮೇಲಿನ ಅಧಿಕಾರಿಯ ಬಳಿಗೆ ಹೋಗಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಹಾಗಾಗಿ ಬರೆದುಕೊಡಿ ಎಂದೊಡನೆ ಎಷ್ಟೋ 'ಇಲ್ಲ'ಗಳು 'ನೋಡೋಣ' ಆಗಿಬಿಡುತ್ತವೆ. ಜನರಿಗೆ ಹಕ್ಕುಗಳ ತಿಳಿವಳಿಕೆ ಕೊಡುವ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದವರನ್ನು ಕೇಳಿದರೆ ಸಂವಿಧಾನದ ಅನುಚ್ಛೇದಗಳ ಪಟ್ಟಿ ಆಮೇಲೆ ಬರುತ್ತದೆ. ಮೊದಲು ಬರುವ ಬುದ್ಧಿಮಾತು, ಏನೇ ಆಗಲಿ ಸ್ವೀಕೃತಿ ಇಲ್ಲದೆ ಅರ್ಜಿ ಕೊಡಬೇಡಿ, ಹಿಂಬರಹ ಇಲ್ಲದೆ ವಾಪಸು ಬರಬೇಡಿ.

ಇದು ಅಧಿಕಾರಿಗಳ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಮೂವತ್ತು ದಿನ ಎಂದಷ್ಟೇ ಜನಕ್ಕೆ ಗೊತ್ತು. ಅದೇ ಕಾಯ್ದೆಯ 4ನೇ ಪ್ರಕರಣದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಸಾಲಿದೆ. ಆಡಳಿತದ ತೀರ್ಮಾನದಿಂದ ಯಾರಿಗೆ ತೊಂದರೆಯಾಗುತ್ತದೋ ಅವರಿಗೆ ಅದರ ಕಾರಣವನ್ನು ಕಚೇರಿಯೇ ತಿಳಿಸಬೇಕು, ಎಂದು. ಯಾರೂ ಕೇಳದಿದ್ದರೂ ತಿಳಿಸಬೇಕು.

'ನಾಳೆ ಬಾ' ಎಂದಾಗ ಹಳಬರಿಗೆ ಬೇರೊಂದು ನೆನಪಾಗಬಹುದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಹಿಡಿದು ಹಳ್ಳಿಗಳವರೆಗೆ ಮನೆಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಈ ಎರಡು ಪದ ಬರೆಯುತ್ತಿದ್ದರು. ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕೂಗುವ ಹೆಣ್ಣುದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತಿತ್ತಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ದೆವ್ವಕ್ಕೆ ಹೂಡಿದ ಈ ಉಪಾಯವನ್ನು ಕಚೇರಿಗಳು ಅದಕ್ಕಿಂತ ಬಹಳ ಮೊದಲೇ ಮನುಷ್ಯರ ಮೇಲೆ ಪ್ರಯೋಗಿಸಿ ಗೆದ್ದಿದ್ದವು.

ಕಚೇರಿಗಳ ಆ 'ನಾಳೆ'ಗೆ ಲೆಕ್ಕ ಇಡಲು ಹೊರಟದ್ದು ರಾಜ್ಯ ಸರ್ಕಾರದ ಸಕಾಲ ಯೋಜನೆ. 2011ರ ಕಾಯ್ದೆಯ ಬಲದಲ್ಲಿ 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗಕ್ಕೆ ಇಳಿದು, ಏಪ್ರಿಲ್ 2ರಂದು ಇಡೀ ರಾಜ್ಯಕ್ಕೆ ಬಂತು. ಆಗ 11 ಇಲಾಖೆಗಳ 151 ಸೇವೆಗಳಿದ್ದವು. ಈಗ ಆ ಪಟ್ಟಿ ಎಷ್ಟೋ ಪಟ್ಟು ಉದ್ದವಾಗಿದೆ. ಅದು ಕೆಲಸ ಮಾಡುವ ರೀತಿ ಸರಳ. ಅರ್ಜಿ ಕೊಟ್ಟೊಡನೆ 15 ಅಂಕಿಯ ಸಂಖ್ಯೆಯಿರುವ ಚೀಟಿ ಕೈಗೆ ಬರಬೇಕು. ಆ ಸೇವೆಗೆ ಎಷ್ಟು ದಿನ ಎಂದು ಕಾನೂನೇ ಗೊತ್ತುಮಾಡಿದೆ. ಅಷ್ಟರಲ್ಲಿ ಕೆಲಸ ಮಾಡಿಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು. ಎರಡೂ ಆಗದಿದ್ದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಅರ್ಜಿದಾರರಿಗೆ ಪರಿಹಾರ ಸಿಗಬೇಕು. ಆ ಹಣ ಹೋಗುವುದು ತಡಮಾಡಿದ ಅಧಿಕಾರಿಯ ಜೇಬಿನಿಂದ.

ಇಪ್ಪತ್ತು ರೂಪಾಯಿಗೆ ಇವತ್ತು ಎರಡು ಟೀ ಸಿಕ್ಕರೆ ಹೆಚ್ಚು. ಕಾಯ್ದೆ ಬರೆದವರಿಗೂ ಅದು ಗೊತ್ತಿತ್ತು. ಹಣಕ್ಕಿಂತ ಹೆಚ್ಚು ಚುಚ್ಚುವುದು ಆ ಕಡತದ ಮೇಲೆ ಬೀಳುವ ಗುರುತು. ಆದರೆ ಇಡೀ ಏರ್ಪಾಟಿನ ಕೀಲಿಕೈ ಇರುವುದು ಆ ಚೀಟಿಯಲ್ಲಿ. ಅರ್ಜಿಯನ್ನು ಕಂಪ್ಯೂಟರಿಗೆ ಏರಿಸದೆ 'ಇಟ್ಟು ಹೋಗಿ, ನೋಡ್ತೀವಿ' ಎಂದು ಟೇಬಲ್ಲಿನ ಮೇಲೆ ಇಟ್ಟುಕೊಂಡರೆ ಗಡಿಯಾರ ಶುರುವಾಗುವುದೇ ಇಲ್ಲ. ಟೇಬಲ್ಲಿನ ಮೇಲೆ ಆರು ತಿಂಗಳು ಕೂತ ಅರ್ಜಿ ಸಕಾಲದ ಲೆಕ್ಕದಲ್ಲಿ ಹುಟ್ಟಿಯೇ ಇರುವುದಿಲ್ಲ. ಚೀಟಿ ಕೇಳಿ ಪಡೆಯಬೇಕು ಎಂಬುದು ಗೊತ್ತಿಲ್ಲದವರಿಗೆ ಸಕಾಲ ಇದ್ದೂ ಇಲ್ಲ.

ಇಂಥ ಹೆಂಗಸರ ಅರ್ಜಿಗೆ ಏನು ಅಡ್ಡಿ? ಬಹಳ ಸಲ ಅಡ್ಡಿಯಾಗುವುದು ಗಂಡನ ಮರಣ ಪ್ರಮಾಣಪತ್ರ. ಆಸ್ಪತ್ರೆಯಲ್ಲಿ ತೀರಿಹೋದರೆ ಅಲ್ಲಿಯೇ ನೋಂದಣಿಗೆ ದಾರಿಯಿದೆ. ಮನೆಯಲ್ಲಿ, ಹೊಲದಲ್ಲಿ ತೀರಿಹೋದರೆ ಮನೆಯವರೇ ತಿಳಿಸಬೇಕು. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಆಮೇಲೆ ದಂಡ, ಅನುಮತಿ ಎಂದು ಮೆಟ್ಟಿಲುಗಳು ಏರುತ್ತವೆ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಹನ್ನೊಂದನೆಯ ದಿನದ ತಿಥಿ, ಊಟ, ಸಾಲ ಇವುಗಳ ನಡುವೆ ಇಪ್ಪತ್ತೊಂದು ದಿನ ಕಳೆದದ್ದು ಯಾರಿಗೆ ಗೊತ್ತಾಗುತ್ತದೆ? ಗಂಡ ಸತ್ತದ್ದು ಇಡೀ ಊರಿಗೆ ಗೊತ್ತು, ಹೆಣಕ್ಕೆ ಹೆಗಲು ಕೊಟ್ಟವರು ಕಚೇರಿಯ ಹೊರಗೇ ಬೀಡಿ ಸೇದುತ್ತ ನಿಂತಿರುತ್ತಾರೆ. ಕಾಗದದಲ್ಲಿ ಮಾತ್ರ ಆತ ಇನ್ನೂ ಸತ್ತಿಲ್ಲ. ಹಾಗಾಗಿ ತಿಂಗಳಿಗೆ 800 ರೂಪಾಯಿಯ ವಿಧವಾ ವೇತನ ಬರುವುದಿಲ್ಲ, ಪೌತಿ ಖಾತೆ ಆಗುವುದಿಲ್ಲ, ಪಹಣಿಯಲ್ಲಿ ಸತ್ತವನ ಹೆಸರೇ ಉಳಿದು ಬೆಳೆ ಪರಿಹಾರ, ಬೆಳೆ ಸಾಲ ಎರಡೂ ತಪ್ಪುತ್ತವೆ. ಒಂದು ಕಾಗದ ಸಿಕ್ಕರೆ ನಾಲ್ಕು ಬಾಗಿಲು ತೆರೆಯುತ್ತವೆ ಎಂಬುದನ್ನು ಆಕೆಗೆ ಸಾವಿನ ಮನೆಯಲ್ಲೇ ಹೇಳುವವರು ಬೇಕು. ಕೆಲವು ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಆ ಕೆಲಸವನ್ನು ತಮ್ಮ ಕೆಲಸದ ಪಟ್ಟಿಯಲ್ಲಿ ಇಲ್ಲದಿದ್ದರೂ ಮಾಡುತ್ತಾರೆ.

ನ್ಯಾಯಾಲಯದ ಮೆಟ್ಟಿಲೇರುವ ಮಾತು ಬಂದರೆ ಜನರ ಹೆದರಿಕೆ ಇನ್ನೂ ದೊಡ್ಡದು. ವಕೀಲರ ಫೀಸು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ದೇಶ ಉತ್ತರ ಹುಡುಕಲು ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. 1976ರಲ್ಲಿ ಸಂವಿಧಾನಕ್ಕೆ 39ಎ ಅನುಚ್ಛೇದ ಸೇರಿ ಉಚಿತ ಕಾನೂನು ನೆರವು ಪ್ರಭುತ್ವದ ಹೊಣೆಯಾಯಿತು. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಕುರಿತ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಿಸುವ ಹಕ್ಕಿನ ಭಾಗ ಎಂದಿತು. ಆ ನೆರವಿಗೊಂದು ಕಾಯ್ದೆ ಬಂದದ್ದು 1987ರಲ್ಲಿ. ಜಾರಿಯಾಗಲು ಮತ್ತೆ ಎಂಟು ವರ್ಷ, 1995ರ ನವೆಂಬರ್ 9. ಆ ದಿನವನ್ನು ಈಗ ಕಾನೂನು ಸೇವೆಗಳ ದಿನವೆಂದು ಆಚರಿಸುತ್ತಾರೆ, ಬ್ಯಾನರ್ ಕಟ್ಟಿ.

ಆ ಕಾಯ್ದೆಯ 12ನೇ ಪ್ರಕರಣವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಉಚಿತ ನೆರವು ಬಡವರಿಗೆ ಮಾತ್ರ ಎಂಬುದು ಜನರಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಮಾನವ ಸಾಗಣೆಗೆ ಒಳಗಾದವರು, ನೆರೆ ಭೂಕಂಪಗಳಂಥ ವಿಪತ್ತಿಗೆ ಸಿಕ್ಕವರು, ಬಂಧನದಲ್ಲಿರುವವರು, ಇವರಿಗೆ ಆದಾಯದ ಮಿತಿಯೇ ಇಲ್ಲ. ಗಂಡ ಲಕ್ಷಾಧಿಪತಿಯಾಗಿದ್ದರೂ ಹೆಂಡತಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಆ ಲಕ್ಷಗಳು ಆಕೆಯ ಕೈಯಲ್ಲಿರುವುದಿಲ್ಲ ಎಂಬುದು ಕಾನೂನಿಗೂ ಗೊತ್ತು. ಈ ಗುಂಪುಗಳಿಗೆ ಸೇರದವರಿಗೆ ಮಾತ್ರ ಆದಾಯದ ಮಿತಿ, ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ.

ಅರ್ಜಿ ಹಾಕಲು ಬಿಳಿ ಹಾಳೆ ಸಾಕು. ತಾಲ್ಲೂಕಿನಲ್ಲಿ ಕೋರ್ಟಿನ ಆವರಣದಲ್ಲೇ ಅಲ್ಲಿನ ಅತಿ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯ ಕಾನೂನು ಸೇವೆಗಳ ಸಮಿತಿಯಿದೆ, ಜಿಲ್ಲೆಯಲ್ಲಿ ಪ್ರಾಧಿಕಾರವಿದೆ, ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರವಿದೆ. ದೂರವಾಣಿ 15100. ಕೋರ್ಟ್ ಶುಲ್ಕ, ವಕೀಲರ ಶುಲ್ಕ ಎರಡನ್ನೂ ಪ್ರಾಧಿಕಾರವೇ ನೋಡಿಕೊಳ್ಳುತ್ತದೆ. ನೇಮಕವಾದ ವಕೀಲರು 'ಓಡಾಟಕ್ಕೆ ಏನಾದ್ರೂ' ಎಂದರೆ ಕೊಡಬೇಕಿಲ್ಲ, ಅದೇ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಆದರೆ ಕೋರ್ಟಿನ ಗೇಟು ದಾಟುವುದೇ ಅರ್ಧ ಕಷ್ಟ. ಅದಕ್ಕಾಗಿ 2009ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಒಂದು ಯೋಜನೆ ತಂದಿತು. ಅರೆ ಕಾನೂನು ಸ್ವಯಂಸೇವಕರು ಎಂಬುದು ಕಾಗದದ ಹೆಸರು, ಬಾಯಲ್ಲಿ ಪಿಎಲ್‌ವಿ. ನಿವೃತ್ತ ಮೇಷ್ಟರು, ಅಂಗನವಾಡಿ ಕಾರ್ಯಕರ್ತೆ, ಕಾನೂನು ಓದುತ್ತಿರುವ ಹುಡುಗ, ಸಂಘದ ಪ್ರತಿನಿಧಿ, ಯಾರು ಬೇಕಾದರೂ ಆಗಬಹುದು. ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುತ್ತಾರೆ. ವಾದ ಮಾಡುವುದು ಅವರ ಕೆಲಸವಲ್ಲ. ಯಾವ ಕೊಠಡಿ, ಯಾವ ಕಾಗದ, ಯಾರನ್ನು ಕೇಳಬೇಕು ಎಂದು ತೋರಿಸಿ ಜೊತೆಗೆ ನಡೆಯುವುದು ಅವರ ಕೆಲಸ. ದಿನಕ್ಕಿಷ್ಟು ಎಂಬ ಗೌರವಧನವಿದೆ, ಅದನ್ನು ನಂಬಿ ಸಂಸಾರ ನಡೆಸಲಾಗದು. ಹಾಗಾಗಿ ಕೆಲವು ಕಡೆ ಗುರುತಿನ ಚೀಟಿ ಮಾತ್ರ ಓಡಾಡುತ್ತದೆ, ಮನುಷ್ಯ ಕಾಣುವುದಿಲ್ಲ. ಇನ್ನು ಕೆಲವು ಕಡೆ ಒಬ್ಬ ಒಳ್ಳೆಯ ಪಿಎಲ್‌ವಿ ಹತ್ತು ಹಳ್ಳಿಗೆ ಸಾಕಾಗುತ್ತಾರೆ.

ಇದೇ ಪ್ರಾಧಿಕಾರಗಳು ನಡೆಸುವ ಲೋಕ ಅದಾಲತ್ ಆದ ಮರುದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ವಿಚ್ಛೇದನಕ್ಕೆ ಬಂದಿದ್ದ ಗಂಡ ಹೆಂಡತಿ ಹಾರ ಬದಲಾಯಿಸಿಕೊಂಡು, ಸಿಹಿ ತಿನ್ನಿಸಿಕೊಂಡು, ಹಿಂದೆ ನ್ಯಾಯಾಧೀಶರು ನಿಂತ ಚಿತ್ರ. ಚೆಕ್ ಬೌನ್ಸ್, ಅಪಘಾತ ಪರಿಹಾರ, ಬ್ಯಾಂಕ್ ಸಾಲ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಗಳಿಗೆ ಅದಾಲತ್ ನಿಜಕ್ಕೂ ಒಳ್ಳೆಯ ದಾರಿ. ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಅಲ್ಲಿನ ತೀರ್ಮಾನಕ್ಕೆ ಸಿವಿಲ್ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಅಪೀಲು ಇಲ್ಲದಿರುವುದರಿಂದಲೇ ಎಚ್ಚರವೂ ಬೇಕು. ಅದಾಲತ್ತಿಗೆ ರಾಜಿ ಮಾಡಿಸುವ ಅಧಿಕಾರವಿದೆ, ತೀರ್ಪು ಹೇರುವ ಅಧಿಕಾರವಿಲ್ಲ ಎಂದು 2008ರಲ್ಲಿ ಜಾಲೂರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. 'ಒಪ್ಪಿಗೆ ಇಲ್ಲ ಸ್ವಾಮಿ' ಎಂದು ಹೇಳಿ ಎದ್ದು ಬರುವ ಹಕ್ಕು ಆ ಹಾರ ಹಿಡಿದ ಹೆಣ್ಣುಮಗಳಿಗಿದೆ. ಚಿತ್ರದಲ್ಲಿ ಅದು ಕಾಣುವುದಿಲ್ಲ.

ಮನೆಯೊಳಗೆ ಹೊಡೆತ ತಿನ್ನುವವಳಿಗೆ ಪೊಲೀಸ್ ಠಾಣೆಯೊಂದೇ ದಾರಿ ಎಂಬುದೂ ಇಂಥದೇ ತಪ್ಪು ತಿಳಿವಳಿಕೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಎಂಬ ಹುದ್ದೆಯಿದೆ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ, ಅಂದರೆ ಊರವರು ಸಿಡಿಪಿಒ ಮೇಡಂ ಎಂದು ಕರೆಯುವವರಿಗೇ, ಆ ಹೊಣೆ ವಹಿಸಲಾಗಿದೆ. ಅಂಗನವಾಡಿಯ ಮೊಟ್ಟೆ, ಬೇಳೆ, ಪೌಷ್ಟಿಕ ಆಹಾರದ ಲೆಕ್ಕ ನೋಡುವ ಮೇಡಂ ಹತ್ತಿರ ಹೋಗಲು ಯಾವ ಹೆಂಗಸಿಗೂ ಅಳುಕಿಲ್ಲ. ಮಗುವಿನ ತೂಕ ಹಾಕಿಸುವ ನೆಪದಲ್ಲಿ ಹೋಗಬಹುದು, ಅತ್ತೆ ಸಂಶಯಪಡುವುದಿಲ್ಲ. ಅಲ್ಲಿ ಆಕೆ ಹೇಳಿದ್ದನ್ನು ಅಧಿಕಾರಿ ಕೌಟುಂಬಿಕ ಘಟನೆಯ ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು, ವೈದ್ಯರ ಬಳಿಗೆ, ಆಶ್ರಯಕ್ಕೆ, ಕಾನೂನು ನೆರವಿಗೆ ದಾರಿ ಮಾಡಬೇಕು. ಗಂಡನ ಹೆಸರಿನಲ್ಲೇ ಇರಲಿ, ಮಾವನ ಹೆಸರಿನಲ್ಲೇ ಇರಲಿ, ತಾನು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. 'ಹೊರಗೆ ನಡಿ' ಎಂದು ನಡುರಾತ್ರಿ ಕೂಗುವವನಿಗೆ ಈ ಸಾಲು ಗೊತ್ತಿರುವುದಿಲ್ಲ, ಕೇಳಿಸಿಕೊಳ್ಳುವವಳಿಗೂ ಗೊತ್ತಿರುವುದಿಲ್ಲ. ತಕ್ಷಣದ ಅಪಾಯವಿದ್ದರೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಇವನ್ನು ಗೋಡೆಯ ಮೇಲೆ ಬರೆಸಿದರಷ್ಟೇ ಸಾಲದು. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನು ಹೊಡೆಯುವವನ ಜೇಬಿನಲ್ಲಿರುತ್ತದೆ.

ಠಾಣೆಗೇ ಹೋದರೂ ಮತ್ತೆ ಕಾಗದದ ಮಾತೇ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಬಂಧನಾರ್ಹ ಅಪರಾಧವಾದರೆ 'ಇದು ನಮ್ಮ ಸರಹದ್ದಲ್ಲ' ಎಂದು ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ಮಾಹಿತಿ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು.

ವಯಸ್ಸಾದವರ ಕತೆ ಬೇರೆ. ಅವರು ಕಾಗದ ಇಲ್ಲದೆ ಕೆಟ್ಟವರಲ್ಲ, ಕಾಗದ ಬರೆದುಕೊಟ್ಟು ಕೆಟ್ಟವರು. ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟು ಒಂದೆರಡು ವರ್ಷದಲ್ಲಿ ಹೊರಗಿನ ಜಗಲಿಗೆ ಬಂದು ಬಿದ್ದ ತಂದೆತಾಯಿಗಳು ಪ್ರತಿ ಊರಿನಲ್ಲೂ ಇದ್ದಾರೆ. 2007ರ ಪಾಲಕರ ಪೋಷಣೆಯ ಕಾಯ್ದೆ ಅವರನ್ನು ಸಿವಿಲ್ ಕೋರ್ಟಿಗೆ ಅಲೆದಾಡಿಸದೆ ಉಪವಿಭಾಗಾಧಿಕಾರಿಯ ಬಳಿಗೆ ಕಳಿಸಿತು. ಊರ ಮಾತಿನಲ್ಲಿ ಎಸಿ ಕೋರ್ಟು. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದು, 90 ದಿನದಲ್ಲಿ ಮುಗಿಸಬೇಕು. ನಿಜವಾದ ಹಲ್ಲು ಇರುವುದು 23ನೇ ಪ್ರಕರಣಕ್ಕೆ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದು ನೋಡಿಕೊಳ್ಳದೆ ಹೋದರೆ ಆ ದಾನವನ್ನೇ ರದ್ದು ಮಾಡಬಹುದು.

ಷರತ್ತು ಇತ್ತು ಎಂದು ತೋರಿಸುವುದು ಹೇಗೆ? ಹೆತ್ತ ಮಗನಿಗೆ ಬರೆದುಕೊಡುವಾಗ 'ನನಗೆ ಎರಡು ಹೊತ್ತು ಅನ್ನ ಹಾಕತಕ್ಕದ್ದು' ಎಂದು ಯಾವ ತಾಯಿ ಬರೆಸುತ್ತಾಳೆ? ಬರೆಸಬೇಕು ಎನ್ನುತ್ತದೆ ಅನುಭವ. ಷರತ್ತು ಇತ್ತೆಂಬುದು ಸಾಬೀತಾಗಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಅಲ್ಲೂ ಆಕೆಯ ಕೈ ಹಿಡಿದದ್ದು ದಾನಪತ್ರದ ಜೊತೆಜೊತೆಗೇ ಬರೆಸಿದ್ದ ಒಂದು ವಚನಪತ್ರ. ನೋಂದಣಿ ಕಚೇರಿಗೆ ಹೊರಟ ಹಿರಿಯರಿಗೆ ಪತ್ರಬರಹಗಾರರು ಈ ಒಂದು ಸಾಲನ್ನು ತಾವಾಗಿಯೇ ನೆನಪಿಸಿದರೆ ಎಸಿ ಕೋರ್ಟಿನ ಅರ್ಧ ಕಡತ ಹುಟ್ಟುವುದೇ ಇಲ್ಲ. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಇಂಥ ಹಿರಿಯರ ಪರವಾಗಿ ವರ್ಷಗಳಿಂದ ಕಡತ ಹಿಡಿದು ಓಡಾಡಿದವರು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಕೂಡಿ 2002ರಿಂದ ನಡೆಸುತ್ತ ಬಂದ 1090 ಸಹಾಯವಾಣಿಯಿದೆ, ದೇಶದ ಎಲ್ಲೆಡೆಯಿಂದ 14567ಕ್ಕೂ ಕರೆ ಮಾಡಬಹುದು.

ತನಗೊಂದು ಹಕ್ಕಿದೆ ಎಂಬುದೇ ಗೊತ್ತಿಲ್ಲದವನಿಗೆ ತಿಳಿಸುವುದು ಇದೆಲ್ಲಕ್ಕಿಂತ ಕಷ್ಟ. ಆನೇಕಲ್ ಸುತ್ತಮುತ್ತ ಕೆಲಸ ಆರಂಭಿಸಿದ, ಕಿರಣ್ ಕಮಲ್ ಪ್ರಸಾದ್ ಅವರು ಕಟ್ಟಿದ ಜೀವಿಕ, ಅಂದರೆ ಜೀತ ವಿಮುಕ್ತಿ ಕರ್ನಾಟಕ, ಎದುರಿಸಿದ್ದು ಈ ಕಷ್ಟವನ್ನೇ. ಜೀತ ಪದ್ಧತಿಯನ್ನು ರದ್ದುಮಾಡುವ ಕಾಯ್ದೆ 1976ರಿಂದ ಇದೆ. ಆದರೆ ದನದ ಕೊಟ್ಟಿಗೆಯಲ್ಲಿ ಮಲಗುವ ಆಳನ್ನು "ನೀನು ಜೀತದಾಳಾ?" ಎಂದು ಕೇಳಿ ನೋಡಿ. "ಇಲ್ಲ ಸ್ವಾಮಿ, ಮಗಳ ಮದ್ವೆಗೆ ಈಸ್ಕಂಡಿದ್ದೆ, ತೀರೋಗಂಟ ಇವ್ನಿ" ಎನ್ನುತ್ತಾನೆ. ಜೀತ ಎಂಬುದು ಅಜ್ಜನ ಕಾಲದ್ದು, ತನ್ನದು ಬರೀ ಸಾಲ ಎಂದೇ ಅವನ ತಿಳಿವಳಿಕೆ. ಹಾಗಾಗಿ ಕೇಳುವ ಪ್ರಶ್ನೆಯನ್ನೇ ಬದಲಿಸಬೇಕು. ಬೇರೆ ಕಡೆ ಕೆಲಸಕ್ಕೆ ಹೋಗಬಹುದಾ? ಹುಷಾರಿಲ್ಲದ ದಿನ ಏನಾಗುತ್ತದೆ? ಸಾಲದ ಲೆಕ್ಕ ಯಾರ ಬಳಿ ಇದೆ? ಲೆಕ್ಕ ಸದಾ ಧಣಿಯ ಬಳಿಯೇ ಇರುತ್ತದೆ. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊರೆಯನ್ನು ಕಾಯ್ದೆ ಸಾಲ ಕೊಟ್ಟವನ ಮೇಲೇ ಹೊರಿಸಿದೆ, ಆಳಿನ ಮೇಲಲ್ಲ.

ವಿಚಾರಣೆಯ ಕೊನೆಗೆ ಉಪವಿಭಾಗಾಧಿಕಾರಿ ಕೊಡುವ ಬಿಡುಗಡೆ ಪ್ರಮಾಣಪತ್ರ ಒಂದೇ ಹಾಳೆಯದು. ಪುನರ್ವಸತಿಯ ಹಣ, ನಿವೇಶನ, ಏನೇ ಬರಬೇಕಾದರೂ ಅದಿಲ್ಲದೆ ಬಾರದು. ಕೊಡುವುದೆಂದರೆ ತಮ್ಮ ಸರಹದ್ದಿನಲ್ಲಿ ಜೀತ ಇದೆ ಎಂದು ಒಪ್ಪಿಕೊಂಡಂತೆ. ಯಾವ ಅಧಿಕಾರಿಗೂ ಅದು ಸುಲಭವಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇರೊಂದು ಬಗೆಯ ಕಾಗದ ತಯಾರಿಸಿದರು. 1974ರಲ್ಲಿ ಬೆಟ್ಟ ಅಭಯಾರಣ್ಯವಾದಾಗ ಒಳಗಿನ ಪೋಡುಗಳನ್ನು, ಅಂದರೆ ತಮ್ಮ ವಸತಿಗಳನ್ನು, ಬಿಟ್ಟು ರಸ್ತೆ ಬದಿಗೆ ಬಂದವರು ಅವರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಕಚೇರಿಗಳು ಕೇಳಿದ್ದು, ಇದು ನಿಮ್ಮ ಕಾಡು ಎನ್ನುವುದಕ್ಕೆ ದಾಖಲೆ ಏನು? ಸೋಲಿಗರ ಬಳಿ ಪಹಣಿ ಇರಲಿಲ್ಲ. ಯೆಲ್ಲೆಗಳಿದ್ದವು. ಒಂದೊಂದು ಕುಲಕ್ಕೆ ಒಂದೊಂದು ಯೆಲ್ಲೆ, ಅದರೊಳಗೆ ದೇವರ ತಾವು, ಮಾರಮ್ಮನ ತಾವು, ವೀರರ ತಾವು, ಪೂರ್ವಿಕರ ಕಲ್ಲುಗುಡಿ, ನೀರಿನ ಅಬ್ಬಿ. ಏಟ್ರೀ ಸಂಶೋಧನಾ ಸಂಸ್ಥೆಯವರ ಜೊತೆ ಜಿಪಿಎಸ್ ಉಪಕರಣ ಹಿಡಿದು ಹಿರಿಯರು ಕಾಡಿನೊಳಗೆ ನಡೆದರು. ಮುದುಕರು ಕೋಲಿನಿಂದ ತೋರಿಸಿದ ಕಲ್ಲುಗಳೆಲ್ಲ ನಕ್ಷೆಯ ಮೇಲೆ ಚುಕ್ಕೆಗಳಾದವು. ಕಾಯ್ದೆಯ ನಿಯಮಗಳೂ ಇದಕ್ಕೆ ಜಾಗ ಬಿಟ್ಟಿದ್ದವು. ಪವಿತ್ರ ತಾಣ, ಸಮಾಧಿ, ಬರೆದುಕೊಂಡ ಹಿರಿಯರ ಹೇಳಿಕೆ, ಇವೆಲ್ಲ ಸಾಕ್ಷ್ಯ ಎಂದು ಅಲ್ಲಿ ಒಪ್ಪಲಾಗಿದೆ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅಂಥದು ಅದೇ ಮೊದಲು. ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ, ಆಸ್ಪತ್ರೆಗಳು ದಶಕಗಳಿಂದ ಅಲ್ಲಿದ್ದದ್ದು, ಸೋಲಿಗರಲ್ಲೇ ಡಾ. ಸಿ. ಮಾದೇಗೌಡರಂಥ ಓದಿದವರು ಬೆಳೆದದ್ದು, ಸೋಲಿಗರ ಸಂಘ ಗಟ್ಟಿಯಾಗಿದ್ದದ್ದು, ಎಲ್ಲ ಕೂಡಿಬಂದಿತ್ತು. ಹಾಗೆ ಕೂಡಿಬರದ ಕಾಡುಗಳಲ್ಲಿ ಇದೇ ಕಾಯ್ದೆಯ ಅರ್ಜಿಗಳು ತಾಲ್ಲೂಕು ಕಚೇರಿಗಳ ಬೀರುವಿನಲ್ಲೇ ಇವೆ.

ಕಚೇರಿಯ ಬೇವಿನ ಮರದ ಕೆಳಗೆ ಮತ್ತೊಬ್ಬರಿದ್ದಾರೆ, ಅವರನ್ನು ಮರೆತರೆ ಕತೆ ಪೂರ್ತಿಯಾಗದು. ಅವರು ದಲ್ಲಾಳಿ. ಬೈದು ಸುಮ್ಮನಾಗುವುದು ಸುಲಭ. ಆದರೆ ನ್ಯಾಯವಾಗಿ ನೋಡಿದರೆ ಜನರಿಗೆ ಯಾವ ಫಾರಂ, ಯಾವ ಟೇಬಲ್ಲು, ಯಾವ ದಿನ ಎಂಬುದನ್ನು ಮೊದಲಿಂದ ಹೇಳಿಕೊಡುತ್ತ ಬಂದವರು ಅವರೇ. ಕರೆದರೆ ಮನೆಗೇ ಬರುತ್ತಾರೆ, ಗದರುವುದಿಲ್ಲ, 'ನಾಳೆ ಬಾ' ಎನ್ನುವುದಿಲ್ಲ. ಗ್ರಾಮ ಒನ್, ನಾಡಕಚೇರಿಯ ಜನಸ್ನೇಹಿ ಕೇಂದ್ರ, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರಗಳು ಬಂದ ಮೇಲೂ ಅವರ ವ್ಯಾಪಾರ ನಿಂತಿಲ್ಲ. ಎದುರಿಗೆ ಕೂತವನ ಕಣ್ಣು ಕಂಪ್ಯೂಟರಿನ ಮೇಲಿರುವಾಗ, ಸರ್ವರ್ ಬಿದ್ದಿರುವಾಗ, ಆಧಾರಿನಲ್ಲಿ ಒಂದು ಹೆಸರು ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವಾಗ ಮನುಷ್ಯರಿಗೆ ಮನುಷ್ಯರೇ ಬೇಕು.

ದಲ್ಲಾಳಿಗೂ ಸಂಘದ ಹುಡುಗಿಗೂ ವ್ಯತ್ಯಾಸ ಕಾಸಿನಲ್ಲಷ್ಟೇ ಇಲ್ಲ. ದಲ್ಲಾಳಿ ಸ್ವೀಕೃತಿಯ ಚೀಟಿಯನ್ನು ತನ್ನ ಜೇಬಿಗೆ ಇಳಿಸುತ್ತಾನೆ. 'ನಾನು ನೋಡ್ಕೋತೀನಿ, ನೀನ್ಯಾಕೆ ತಲೆ ಕೆಡಿಸ್ಕೋತೀಯಕ್ಕ' ಎನ್ನುತ್ತಾನೆ. ಮುಂದಿನ ಸಲವೂ ಅವನನ್ನೇ ಹುಡುಕಿಕೊಂಡು ಹೋಗಬೇಕು. ಹುಡುಗಿ ಚೀಟಿಯನ್ನು ಹೆಂಗಸಿನ ಕೈಗೇ ಕೊಡುತ್ತಾಳೆ, ಅದರ ಮೇಲಿನ ಹದಿನೈದು ಅಂಕಿಗಳನ್ನು ಬೆರಳಿಟ್ಟು ತೋರಿಸುತ್ತಾಳೆ, ದಿನ ಎಷ್ಟು ಎಂದು ಆಕೆಯ ಬಾಯಲ್ಲೇ ಹೇಳಿಸುತ್ತಾಳೆ.

ಕಿಟಕಿಯ ಒಳಗಿನವರು ಈಗ ಕಾಗದ ನೋಡಿದ್ದಾರೆ. ಮರಣ ಪ್ರಮಾಣಪತ್ರದಲ್ಲಿ ಗಂಡನ ಹೆಸರಿನ ಮುಂದಿನ ಇನಿಷಿಯಲ್ ಬೇರೆಯಾಗಿದೆ, ಆಗದು ಎಂದದ್ದಕ್ಕೆ ಅದಷ್ಟೇ ಕಾರಣ. ಸರಿಪಡಿಸಲು ಎಲ್ಲಿಗೆ ಹೋಗಬೇಕೆಂದು ಹಿಂಬರಹದಲ್ಲೇ ಬರೆದು, ಮೊಹರು ಒತ್ತಿ ಕೊಡುತ್ತಾರೆ. ಮೊಹರಿನ ನೇರಳೆ ಮಸಿ ಇನ್ನೂ ಹಸಿ. ಆಕೆ ಊದಿ ಆರಿಸುತ್ತಾಳೆ, ನಾಲ್ಕಾಗಿ ಮಡಚುತ್ತಾಳೆ, ಪಡಿತರ ಚೀಟಿಯಿದ್ದ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಅದನ್ನು ಎಲೆಯಡಿಕೆಯ ಸಂಚಿಗೆ ತುರುಕುತ್ತಾಳೆ. ಎರಡೂ ಕಾಲರ ಬಸ್ಸಿಗೆ ಇನ್ನೂ ಹೊತ್ತಿದೆ. ಮೆಟ್ಟಿಲ ಮೇಲೆ ಕೂತು ಇಬ್ಬರೂ ಬುತ್ತಿ ಬಿಚ್ಚುತ್ತಾರೆ.